ಶಹಾಪುರದ ಟೈಪಿಂಗ್ ಅಕ್ಕ ಹಿಡಿದ ತಪ್ಪು

ಎರಡು ತಿಂಗಳ ಹಿಂದೆ ಸುರಪುರದ ನಮ್ಮ ಕಾಲೇಜಿಗೆ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬಂತು. ಸ್ಟಾಫ್ ರೂಮಿನಲ್ಲೇ ಕಟ್ಟು ಬಿಚ್ಚಿದೆ. ಹೊಸ ಶಾಯಿ ಮತ್ತು ಗೋಂದಿನ ವಾಸನೆ ಮುಖಕ್ಕೆ ಹೊಡೆಯಿತು. ನನಗೆ ಪಿಎಚ್‌ಡಿ ಮಾಡಿಸಿದ ಗೈಡ್ ಸರ್ ಅವರ ಅಭಿನಂದನ ಗ್ರಂಥ ಅದು. ಮುಖಪುಟದ ತುಂಬ ಒಂದೇ ಚಿತ್ರ. ಕಪ್ಪು ಹಿನ್ನೆಲೆಯ ಮೇಲೆ ಸಾಲುಸಾಲು ಸಣ್ಣ ಬಾಣಗಳು. ಬಲಗಡೆಯಿಂದ ಬಂದು ನಡುವಿನ ಚುಕ್ಕೆ ಸೇರುವ ಬಾಣಗಳು ಅರಿಸಿನ ಬಣ್ಣದವು. ಅದೇ ಚುಕ್ಕೆಯ ಪಕ್ಕದಿಂದ ಹೊರಟು ಎಡಕ್ಕೆ ಹೋಗುವವು ಒಣ ಮೆಣಸಿನಕಾಯಿಯ ಕೆಂಪಿನವು. ಒಳಪುಟದಲ್ಲಿ ಸಣ್ಣ ಅಕ್ಷರದ ಸಾಲು: "ಮುಖಪುಟದ ಚಿತ್ರ, ಪ್ರೊಫೆಸರ್ ಅವರು ಸ್ವತಃ ಕಂಡುಹಿಡಿದ ಫಲಿತಾಂಶದ್ದು."

"ಹಸಿ ಸುಳ್ಳು" ಎಂದೆ. ಗಟ್ಟಿಯಾಗಿಯೇ ಅಂದಿರಬೇಕು, ಪಕ್ಕದ ಟೇಬಲ್ಲಿನವರು ತಲೆ ಎತ್ತಿ ನೋಡಿದರು.

ಆ ಅರಿಸಿನ, ಆ ಕೆಂಪು ಆರಿಸಿದವರು ಯಾರೆಂದು ನನಗೆ ಗೊತ್ತು. ಆ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ಮೊದಲ ಸಲ ನೋಡಿದಾಗ ನಾನು ಅವರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಅವರು ಪ್ರೊಫೆಸರ್ ಅಲ್ಲ, ಸಂಶೋಧಕಿಯೂ ಅಲ್ಲ. ಶಹಾಪುರದಲ್ಲಿ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದವರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಹೆಸರು ಗೊತ್ತಿದ್ದರೂ ಇಲ್ಲಿ ಬರೆಯುವುದಿಲ್ಲ. ಎಲ್ಲಿ ಬರೆಯಬೇಕಿತ್ತೋ ಅಲ್ಲಿ ಬರೆಯದೆ ಈಗ ನೆನಪಿನ ಲೇಖನದಲ್ಲಿ ಬರೆದು ದೊಡ್ಡವಳಾಗುವ ಆಸೆ ನನಗಿಲ್ಲ.

ಆಗ ನಾನು ಯಾದಗಿರಿಯಲ್ಲಿ ಮನೆ ಮಾಡಿದ್ದೆ. ಶಹಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಪ್ರಬಂಧ ಬರೆದು ಮುಗಿಸುವ ಹಂತದಲ್ಲಿದ್ದೆ, ಆದರೆ ಗಣಿತವನ್ನು ಸರಿಯಾಗಿ ಟೈಪ್ ಮಾಡುವವರು ಎಲ್ಲೂ ಸಿಗುತ್ತಿರಲಿಲ್ಲ. ಒಂದು ಕಡೆ ಕೊಟ್ಟರೆ ಘಾತಗಳು ಕೆಳಗಿಳಿದು ಬರುತ್ತಿದ್ದವು, ಇನ್ನೊಂದು ಕಡೆ ಗ್ರೀಕ್ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು. ಶಹಾಪುರದ ಬಸ್ ನಿಲ್ದಾಣದ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ ಒಬ್ಬರು ಚೆನ್ನಾಗಿ ಮಾಡುತ್ತಾರೆಂದು ಯಾರೋ ಹೇಳಿದರು. ಮೆಟ್ಟಿಲು ಹತ್ತಿ ಹೋದೆ. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಗೋಡೆಗೆ ಒರಗಿಸಿಟ್ಟ ಮದುವೆ ಪತ್ರಿಕೆಯ ಮಾದರಿಗಳು. ಪಹಣಿ, ಜಾತಿ ಆದಾಯ ಪ್ರಮಾಣಪತ್ರದ ಅರ್ಜಿ, ಕುರಿ ಸಾಲದ ಅರ್ಜಿ ಬರೆಸಲು ಬಂದವರು ಬೆಂಚಿನ ಮೇಲೆ ಕೂತಿದ್ದರು. ಅಕ್ಕ ನನ್ನ ಕೈಬರಹದ ಹಾಳೆ ತೆಗೆದುಕೊಂಡು ಮೊದಲ ಸಮೀಕರಣದ ಮೇಲೆ ಬೆರಳಿಟ್ಟರು.

"ಇದರ ಮ್ಯಾಲೆ ಚುಕ್ಕಿ ಇಟ್ಟೀರಲ್ರಿ, ವ್ಯಾಳ್ಯಾದ ಮ್ಯಾಲೆ ಡಿಫರೆನ್ಶಿಯೇಟ್ ಮಾಡಿದ್ದು ಹೌದಿಲ್ರಿ?"

ಹೌದೆಂದೆ. ಆಶ್ಚರ್ಯವಾಯಿತು. ಕೇಳಿದರೆ ಬಿ.ಎಸ್ಸಿ ಓದಿದವರು, ನಾನು ಈಗ ಪಾಠ ಹೇಳುತ್ತಿರುವ ಇದೇ ಸುರಪುರದ ಕಾಲೇಜಿನಲ್ಲಿ. ತವರು ಕೃಷ್ಣಾ ದಂಡೆಯ ಒಂದು ಹಳ್ಳಿ. ಅಪ್ಪ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು, ಉಳಿದ ಹೊತ್ತಿನಲ್ಲಿ ಮೀನು ಹಿಡಿಯುತ್ತಿದ್ದರು. ಕೊನೆಯ ವರ್ಷದ ಪರೀಕ್ಷೆ ಮುಗಿದ ವಾರವೇ ಮದುವೆಯಾಯಿತು. ಗಂಡ ಕಾಲುವೆಯ ಗೇಟಿನ ಮೇಲೆ ದಿನಗೂಲಿ ಕೆಲಸಗಾರ. ಅಂಗಡಿ ಅಕ್ಕ ಒಬ್ಬರದೇ, ಕಂಪ್ಯೂಟರ್ ಕಲಿತದ್ದೂ ಒಬ್ಬರೇ.

ನನ್ನ ವಿಷಯ ಏನೆಂದು ಇಲ್ಲಿ ಹೇಳಿಬಿಡಬೇಕು, ಇಲ್ಲವಾದರೆ ನನ್ನ ಸಿಟ್ಟಿನ ಬುಡ ತಿಳಿಯುವುದಿಲ್ಲ. ಜಗತ್ತು ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಹೆಚ್ಚುತ್ತಿದೆ. ಅದಕ್ಕೆ ಕಾರಣ ಎಲ್ಲ ಕಡೆ ಹರಡಿಕೊಂಡ ಒಂದು ಕ್ಷೇತ್ರ ಇರಬಹುದು ಎಂಬುದು ಒಂದು ಊಹೆ. ಕೋಣೆಯ ಬಿಸಿಯಂತೆ, ಪ್ರತಿ ಜಾಗದಲ್ಲೂ ಅದಕ್ಕೆ ಒಂದು ಬೆಲೆ ಇರುತ್ತದೆ, ದಿಕ್ಕಿರುವುದಿಲ್ಲ. ಅದಿಶ ಕ್ಷೇತ್ರ ಎನ್ನುತ್ತಾರೆ. ಸಾಪೇಕ್ಷತೆಯ ಸಮೀಕರಣಗಳೊಳಗೆ ಅದನ್ನು ಸೇರಿಸಿದರೆ ಪೂರ್ತಿ ಬಿಡಿಸುವುದು ಸಾಮಾನ್ಯವಾಗಿ ಆಗದ ಮಾತು. ಹಾಗಾಗಿ ನಾವು ಬಿಡಿಸಲು ಹೋಗುವುದಿಲ್ಲ. ಜಗತ್ತು ಯಾವ ಸ್ಥಿತಿಯ ಕಡೆಗೆ ಸಾಗುತ್ತದೆ, ಎಲ್ಲಿ ನಿಲ್ಲಬಹುದು ಎಂದಷ್ಟೇ ಹುಡುಕುತ್ತೇವೆ. ನಿಲ್ಲಬಹುದಾದ ಒಂದೊಂದು ಬಿಂದುವಿಗೂ ಕೆಲವು ಸಂಖ್ಯೆಗಳು ಸಿಗುತ್ತವೆ. ಎಲ್ಲವೂ ಋಣವಾದರೆ ಹತ್ತಿರ ಬಂದದ್ದೆಲ್ಲ ಅಲ್ಲೇ ನೆಲೆ ನಿಲ್ಲುತ್ತದೆ. ಒಂದು ಧನವಾದರೂ ಸಾಕು, ಜಾರಿ ಹೋಗುವ ದಾರಿ ಇದೆ ಎಂದು ಅರ್ಥ.

ನನ್ನ ಪ್ರಬಂಧದ ಮುಖ್ಯ ಬಿಂದುವಿಗೆ ಬಂದದ್ದು ಎರಡು ಋಣ ಸಂಖ್ಯೆ, ಒಂದು ಸೊನ್ನೆ. ಗೈಡ್ ಸರ್ ಹಿಂದೆಯೇ ಒಂದು ಪೇಪರಿನಲ್ಲಿ ಇದನ್ನು ಸ್ಥಿರ ಎಂದು ಬರೆದಿದ್ದರು. ಅಂದರೆ ಈ ಮಾದರಿಯ ಜಗತ್ತು ಕೊನೆಗೆ ಅಲ್ಲಿ ಬಂದು ಸೇರಿ ಎಂದೆಂದಿಗೂ ವೇಗವಾಗಿ ಹಿಗ್ಗುತ್ತಲೇ ಇರುತ್ತದೆ. ನಾನೂ ಹಾಗೇ ಬರೆದೆ. ಅವರ ಪೇಪರಿನ ಚಿತ್ರವನ್ನೇ ನೋಡಿ ಕೈಯಲ್ಲಿ ಒಂದು ಚಿತ್ರ ಬರೆದು ಟೈಪಿಗೆ ಕೊಟ್ಟೆ.

ಮರುದಿನ ಹೋದರೆ ಅಕ್ಕ ಆ ಪುಟವನ್ನು ಬೇರೆ ತೆಗೆದಿಟ್ಟಿದ್ದರು. "ಕೈಲೆ ಬರದ ಚಿತ್ರ ಹಾಕಬ್ಯಾಡ್ರಿ ಮೇಡಂ, ಚಂದ ಕಾಣಾಂಗಿಲ್ಲ. ನಿಮ್ಮ ಸಮೀಕರಣನೇ ಕಂಪ್ಯೂಟರಿಗಿ ಕೊಟ್ಟೀನಿ, ಅದೇ ತಗದದ. ಆದ್ರ ಬ್ಯಾರೆ ಬಂದದ, ಜರಾ ನೋಡ್ರಿ."

ನೋಡಿದೆ. ಬಲಗಡೆಯ ಬಾಣಗಳು ಬಿಂದುವಿನೊಳಗೆ ಬರುತ್ತಿದ್ದವು. ಎಡಗಡೆಯವು ಬಿಂದುವಿನ ಹತ್ತಿರ ಸುಳಿದಾಡಿ ನಿಧಾನವಾಗಿ ದೂರ ಹೋಗುತ್ತಿದ್ದವು.

"ನೀವು ಎಲ್ಲೋ ಚಿಹ್ನೆ ತಪ್ಪು ಕೊಟ್ಟೀರಿ" ಎಂದೆ.

"ಮೂರು ಸಲ ನೋಡೀನ್ರಿ. ಮತ್ತ, ನಂಗೊಂದು ತಿಳಿಯವಲ್ದು. ಋಣ ಅಂದ್ರ ಬರ್ತದ, ಧನ ಅಂದ್ರ ಹೋಗ್ತದ ಅಂತ ನೀವೇ ಬರದೀರಿ. ಸೊನ್ನಿ ಅಂದ್ರ ಏನ್ರಿ? ಬರ್ತದೋ ಹೋಗ್ತದೋ?"

ಉತ್ತರ ನನಗೇ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, "ಅಕ್ಕ, ನಾನು ಬರೆದದ್ದನ್ನು ನೀವು ಟೈಪ್ ಮಾಡಿದರೆ ಸಾಕು" ಎಂದೆ. ಅವರು "ಆತ್ರಿ" ಎಂದು ತಿರುಗಿ ಕೀಬೋರ್ಡಿಗೆ ಕೈ ಹಾಕಿದರು. ವಿಶ್ವವಿದ್ಯಾಲಯದಲ್ಲಿ ನನಗೆ ಎಷ್ಟೋ ಸಲ ಇದೇ ದನಿಯಲ್ಲಿ ಹೇಳಿದ್ದರು, ನೀವು ಹೇಳಿದಷ್ಟು ಮಾಡಿ ಎಂದು. ಕಲಿತ ಪಾಠವನ್ನು ನನಗಿಂತ ಕೆಳಗಿರುವವರೆಂದು ಅಂದುಕೊಂಡವರ ಮೇಲೆ ಪ್ರಯೋಗಿಸಿದೆ... ಅಷ್ಟೇ.

ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ಕೂತರೂ ಆ ಪ್ರಶ್ನೆ ಬಿಡಲಿಲ್ಲ. ಸೊನ್ನೆ ಬಂದಾಗ ಈ ಸಂಖ್ಯೆಗಳು ಏನನ್ನೂ ಹೇಳುವುದಿಲ್ಲ, ಇನ್ನೊಂದು ಸೂಕ್ಷ್ಮ ವಿಧಾನದಿಂದ ಪರೀಕ್ಷೆ ಮಾಡಬೇಕು ಎಂದು ಎಲ್ಲೋ ಓದಿದ್ದೆ. ಓದಿ ಮರೆತಿದ್ದೆ. ಎರಡು ದಿನ ಬಿಟ್ಟು ಮತ್ತೆ ಅಂಗಡಿಗೆ ಹೋಗಿ, "ಆ ಚಿತ್ರ ಇನ್ನೊಮ್ಮೆ ತೆಗೀರಿ" ಎಂದೆ. ಅಕ್ಕ ನಗಲಿಲ್ಲ, ಹಂಗಿಸಲೂ ಇಲ್ಲ. ಅರ್ಜಿಯವರನ್ನೆಲ್ಲ ಕಳಿಸಿ ಕೂತರು. ಆಗಲೇ ಅವರು ಬೇರೆ ಬೇರೆ ಕಡೆಯಿಂದ ಆರಂಭ ಮಾಡಿ ಹಲವಾರು ಸಲ ಲೆಕ್ಕ ಓಡಿಸಿದ್ದರು. ಒಳಗೆ ಬರುವವಕ್ಕೆ ಅರಿಸಿನ, ಹೊರಗೆ ಹೋಗುವವಕ್ಕೆ ಕೆಂಪು. ಸಮೀಕರಣದ ಒಂದು ಸ್ಥಿರಾಂಕದ ಚಿಹ್ನೆ ಬದಲಾಯಿಸಿದರೆ ಎರಡು ಬಣ್ಣಗಳು ಅದಲು ಬದಲಾಗುತ್ತವೆ ಎಂಬುದನ್ನೂ ಅವರೇ ತೋರಿಸಿದರು. ನನಗೆ ಅದು ಹೊಳೆದಿರಲಿಲ್ಲ.

"ನಮ್ಮಪ್ಪ ಹರಗೋಲ ಹಾಕುವಾಗ ಹೇಳ್ತಿದ್ರಿ" ಎಂದರು, "ನೀರು ನಿಂತಂಗ ಕಂಡಲ್ಲಿ ನಂಬಬ್ಯಾಡ, ಯಾ ಕಡಿಂದ ಹೋಗ್ತಿ ಅನ್ನೂದರ ಮ್ಯಾಲೆ ಅದ ಅಂತ. ನಂಗ ಅದೇ ನೆನಪಾತು."

ಮುಂದಿನ ಎರಡು ವಾರ ನಾನು ಕೂತು ಲೆಕ್ಕ ಮಾಡಿದೆ. ಸೊನ್ನೆಯ ದಿಕ್ಕಿನಲ್ಲಿ ಚಲನೆ ವರ್ಗದ ಪದದ ಮೇಲೆ ನಿಂತಿದೆ ಎಂದು ಬಂತು. ವರ್ಗ ಅಂದಮೇಲೆ ಎರಡು ಬದಿಗೂ ತಳ್ಳುವ ದಿಕ್ಕು ಒಂದೇ. ಹಾಗಾಗಿ ಬಲಗಡೆಯಿಂದ ಬಂದದ್ದು ಬಿಂದುವಿಗೆ ಸೇರುತ್ತದೆ, ಎಡಗಡೆ ಇದ್ದದ್ದು ಬಿಟ್ಟು ಹೋಗುತ್ತದೆ. ಜಗತ್ತು ಅಲ್ಲಿ ನೆಲೆ ನಿಲ್ಲಲೇಬೇಕೆಂದಿಲ್ಲ; ಒಂದು ಕಡೆಯಿಂದ ಹೊರಟಿದ್ದರೆ ಬಹಳ ಕಾಲ ತಂಗಿ, ಆಮೇಲೆ ಬೇರೆ ದಾರಿ ಹಿಡಿಯುತ್ತದೆ. ಲೆಕ್ಕ ನನ್ನದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ತಪ್ಪು ಕಂಡದ್ದು ಅಕ್ಕನಿಗೆ, ಪ್ರಶ್ನೆ ಅಕ್ಕನದು, ಚಿತ್ರ ಅಕ್ಕನದು. ಅವರು ಕೇಳದೇ ಹೋಗಿದ್ದರೆ ಇವತ್ತಿಗೂ ನನ್ನ ಪ್ರಬಂಧದಲ್ಲಿ ಆ ಸುಳ್ಳು ಕೂತಿರುತ್ತಿತ್ತು.

ಚಿತ್ರ ತೆಗೆದುಕೊಂಡು ಗೈಡ್ ಸರ್ ಹತ್ತಿರ ಹೋದೆ. ಲೆಕ್ಕ ಇನ್ನೂ ತೋರಿಸಿರಲಿಲ್ಲ. "ಇದನ್ನ ಯಾರು ತೆಗೆದದ್ದು?" ಎಂದರು. ಆಗಿನ್ನೂ ನನಗೆ ನಿಜ ಹೇಳುವ ರೂಢಿ ಇತ್ತು. ಹೇಳಿದೆ.

"ಜೆರಾಕ್ಸ್ ಅಂಗಡಿಯಾಕಿ ನನ್ನ ಪೇಪರಿನ ತಪ್ಪು ಹಿಡೀತಾಳೇನ್ರಿ?" ಹಾಳೆಯನ್ನು ಟೇಬಲ್ಲಿನಿಂದ ಆಚೆ ತಳ್ಳಿದರು. ಅದು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡೆ. ಆಮೇಲೆ ಲೆಕ್ಕದ ಹಾಳೆಗಳನ್ನು ಅವರ ಮುಂದಿಟ್ಟೆ. ಬಹಳ ಹೊತ್ತು ಓದಿದರು. ಮುಖದ ಬಣ್ಣ ನಿಧಾನಕ್ಕೆ ಬದಲಾಯಿತು. ತಪ್ಪು ಒಪ್ಪಿಕೊಂಡರೆಂದು ನೀವು ತಿಳಿದರೆ ನಿಮಗೆ ಇಂಥವರ ಪರಿಚಯ ಇಲ್ಲ. "ನನಗೂ ಇದರ ಮೇಲೆ ಅನುಮಾನ ಇತ್ತು" ಎಂದರು. "ನಮ್ಮ ಗುಂಪಿನ ಮುಂದಿನ ಹೆಜ್ಜೆ ಇದು. ಕೂಡಲೇ ಬರೀರಿ, ನನ್ನ ಹೆಸರು ಮೊದಲು ಹಾಕ್ರಿ."

ಬರೆದೆವು. ಹೆಸರುಳ್ಳ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡೇ ಹೆಸರು, ಅವರದು, ನನ್ನದು. ಪ್ರಬಂಧದಲ್ಲಾದರೂ ಇರಲಿ ಎಂದು ಕೃತಜ್ಞತೆಯ ಪುಟದಲ್ಲಿ ಅಕ್ಕನ ಹೆಸರು ಬರೆದು, ಈ ಅಧ್ಯಾಯದ ಮೂಲ ತಪ್ಪನ್ನು ಗುರುತಿಸಿದವರು ಇವರು ಎಂದು ಒಂದು ಸಾಲು ಸೇರಿಸಿದೆ. ಗೈಡ್ ಸರ್ ಅದರ ಮೇಲೆ ಕೆಂಪು ಪೆನ್ನಿನಿಂದ ಗೀಟು ಎಳೆದು ಕೊಟ್ಟರು. ಆ ಪುಟದಲ್ಲಿ ದೇವರಿಗೆ ಜಾಗವಿತ್ತು. ಹೋದಾಗೆಲ್ಲ ಚಹಾ ಕೊಟ್ಟ ಗೈಡ್ ಸರ್ ಮನೆಯವರಿಗೆ ಇತ್ತು. ಒಂದು ದಿನವೂ ಬೀಗ ತೆಗೆಯದ ವಿಭಾಗದ ಗ್ರಂಥಾಲಯಕ್ಕೂ ಇತ್ತು. ಅಕ್ಕನ ಒಂದು ಸಾಲಿಗೆ ಮಾತ್ರ ಇರಲಿಲ್ಲ.

ಆ ಪುಟವನ್ನು ಯಾರ ಹತ್ತಿರ ಒಯ್ಯಬೇಕಿತ್ತು ಹೇಳಿ. ಅವರ ಹತ್ತಿರವೇ. ತಿದ್ದುಪಡಿಗಳ ಕಟ್ಟಿನೊಳಗೆ ಸೇರಿಸಿ, ಏನೂ ಹೇಳದೆ ಟೇಬಲ್ಲಿನ ಮೇಲಿಟ್ಟೆ. ಅಕ್ಕ ಒಂದೊಂದೇ ಪುಟ ನೋಡುತ್ತ ತಿದ್ದುತ್ತ ಬಂದರು. ಈ ಪುಟಕ್ಕೆ ಬಂದಾಗ ಕೈ ನಿಂತಿತು. ತಮ್ಮ ಹೆಸರು ಅಲ್ಲಿತ್ತೆಂದು ಅವರಿಗೆ ಆಗಲೇ ಗೊತ್ತಿತ್ತು, ಮೊದಲು ಟೈಪ್ ಮಾಡಿದವರೂ ಅವರೇ ಅಲ್ಲವೆ.

"ಇದು ತಗೀಬೇಕಲ್ರಿ?"

"ಸರ್ ಹೇಳಿದ್ರು ಅಕ್ಕ..."

"ತಗೀತೀನ್ರಿ." ಒಂದೊಂದೇ ಅಕ್ಷರ ಅಳಿಸಿದರು. ಒಟ್ಟಿಗೆ ಅಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ನಾನು ಕಿಟಕಿಯಾಚೆ ಬಸ್ ನಿಲ್ದಾಣದ ಕಡೆ ನೋಡುತ್ತ ನಿಂತಿದ್ದೆ.

ಇಷ್ಟಾದರೂ ಅವರು ನನ್ನ ಮೇಲಿನ ನಂಬಿಕೆ ಬಿಡಲಿಲ್ಲ. ಕೆಲವು ತಿಂಗಳ ಮೇಲೆ, ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಗೊತ್ತಾದಾಗ, ಒಂದು ಅರ್ಜಿ ನಮೂನೆ ತೋರಿಸಿದರು. ಊರವರ ಅರ್ಜಿಗಳನ್ನೆಲ್ಲ ತುಂಬುತ್ತಿದ್ದವರು ತಮ್ಮ ಹೆಸರಿನಲ್ಲಿ ಮೊದಲ ಸಲ ಒಂದು ತುಂಬಿದ್ದರು. ಎಂ.ಎಸ್ಸಿ ಗಣಿತಕ್ಕೆ, ಗೈಡ್ ಸರ್ ಇದ್ದ ವಿಭಾಗಕ್ಕೇ. ಓದು ಬಿಟ್ಟು ಬಹಳ ವರ್ಷವಾದವರು ಈ ನಡುವೆಯೂ ವಿಷಯದ ಸಂಪರ್ಕದಲ್ಲಿದ್ದರೆಂದು ಅದೇ ವಿಷಯದ ಸಂಶೋಧಕರೊಬ್ಬರಿಂದ ಪತ್ರ ತರಬೇಕೆಂದು ವಿಭಾಗದವರು ಹೇಳಿದ್ದರಂತೆ.

"ನೀವು ನಾಕು ಸಾಲು ಬರದು ಕೊಡ್ರಿ ಮೇಡಂ. ಆ ಚಿತ್ರ ನಾ ತಗದಿದ್ದು, ಆ ಸೊನ್ನಿ ಮಾತು ನಾ ಕೇಳಿದ್ದು, ಇಷ್ಟೇ. ಖರೇ ಇದ್ದಷ್ಟೇ ಬರೀರಿ, ಹೆಚ್ಚು ಬ್ಯಾಡ. ಮನ್ಯಾಗ ಒಪ್ಪಿಸೀನಿ. ವಾರದಾಗ ಮೂರು ದಿನ ಹೋಗಿ ಬರ್ತೀನಿ, ಉಳಿದ ದಿನ ದುಕಾನ ತಗೀತೀನಿ."

ಅಷ್ಟು ಉತ್ಸಾಹದಲ್ಲಿ ಅವರನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಆಗಲೇ ಅಲ್ಲೇ ಕೂತು ಬರೆದು ಕೊಡಬೇಕಿತ್ತು. ಪೆನ್ನು ಕೈಯಲ್ಲೇ ಇತ್ತು. ಬದಲಿಗೆ ಗೈಡ್ ಸರ್‌ಗೆ ಫೋನ್ ಮಾಡಿ ಕೇಳಿದೆ. "ತಲಿ ಕೆಟ್ಟದೇನು ನಿಮಗ?" ಎಂದರು. "ಬೇರೆಯವರು ಮಾಡಿದ್ದು ಅಂತ ನೀವೇ ಸಹಿ ಮಾಡಿ ಕೊಟ್ರ ನಿಮ್ಮ ಪ್ರಬಂಧ ಉಳೀತದೇನು? ವೈವಾ ಮುಗಿಯೋತನ ಒಂದು ಅಕ್ಷರ ಕೊಡಬ್ಯಾಡ್ರಿ." ಅಕ್ಕನಿಗೆ, ವೈವಾ ಮುಗಿಯಲಿ, ಕೊಡುತ್ತೇನೆ ಎಂದೆ. ಅರ್ಜಿ ಹಾಕುವ ಕಡೆಯ ದಿನ ವೈವಾದ ನಂತರದ ವಾರವೇ ಇತ್ತು. "ಸಾಕಲ್ರಿ, ಅಷ್ಟ್ರಾಗ ಆಗ್ತದ" ಎಂದರು.

ವೈವಾದ ದಿನ ಅಕ್ಕನೂ ನನ್ನ ಜೊತೆ ವಿಶ್ವವಿದ್ಯಾಲಯಕ್ಕೆ ಬಂದರು. ಬೈಂಡ್ ಮಾಡಿದ ಪ್ರತಿಗಳ ಒಂದು ಚೀಲ ಅವರು ಹಿಡಿದಿದ್ದರು, ಒಂದು ನಾನು. ಯಾರು ಬೇಕಾದರೂ ಬಂದು ಕೂಡಬಹುದಾದ ಸಭೆ ಅದು. ಅವರು ಕೊನೆಯ ಸಾಲಿನಲ್ಲಿ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಸೌಮ್ಯ ಮಾತಿನವರು. ಪರದೆಯ ಮೇಲೆ ಅರಿಸಿನ ಕೆಂಪು ಚಿತ್ರ ಬಂದಾಗ ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಾಗಿದರು.

"ಬಹಳ ಚೆನ್ನಾಗಿದೆ ಇದು. ನಿಮ್ಮ ಮಾರ್ಗದರ್ಶಕರ ಹಳೆಯ ಪೇಪರಿನ ತಪ್ಪನ್ನೇ ನೀವು ತಿದ್ದಿದ್ದೀರಿ. ನನಗೆ ಕುತೂಹಲ, ಈ ಬಿಂದು ಸ್ಥಿರ ಅಲ್ಲ ಅಂತ ಮೊದಲು ಅನುಮಾನ ಬಂದದ್ದು ಯಾರಿಗೆ?"

ಆ ಹಿರಿಯರು ಬಾಯಿಮಾತಿಗೆ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. ಒಂದು ವಾಕ್ಯ ಹೇಳಿದ್ದರೆ ಅವರು ಹಿಂದೆ ತಿರುಗಿ ಕೊನೆಯ ಸಾಲಿನಲ್ಲಿದ್ದ ಹೆಂಗಸನ್ನು ನೋಡುತ್ತಿದ್ದರು, ಬಹುಶಃ ಎದ್ದು ಹೋಗಿ ಮಾತಾಡಿಸುತ್ತಿದ್ದರು. ಗೈಡ್ ಸರ್ ನನ್ನನ್ನೇ ದಿಟ್ಟಿಸುತ್ತಿದ್ದರು.

"ನನಗೇ ಸರ್" ಎಂದೆ.

ಚಪ್ಪಾಳೆಯಾಯಿತು, ಶಾಲು ಹೊದಿಸಿದರು, ಡಾಕ್ಟರ್ ಎಂದು ಕರೆದರು. ಗೈಡ್ ಸರ್ ಎಲ್ಲರಿಗೂ ಪೇಡೆ ಹಂಚಿಸಿದರು. ಅಕ್ಕನ ಕೈಗೂ ಒಂದು ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಜೇವರ್ಗಿ ದಾಟಿತು. ನಾನು ಏನೋ ಸಮಜಾಯಿಷಿ ಶುರು ಮಾಡಿದೆ: ಸರ್ ಎದುರಿಗಿದ್ದರು, ಡಿಗ್ರಿಯ ಪ್ರಶ್ನೆ, ನೌಕರಿಯ ಪ್ರಶ್ನೆ... ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಪತ್ರ ನಾಳೆಯೇ ಬರೆದು ಕೊಡ್ತೀನಿ ಅಕ್ಕ" ಎಂದೆ.

"ಈಗ ಹ್ಯಾಂಗ ಕೊಡ್ತೀರಿ? ಅಷ್ಟು ಮಂದಿ ಮುಂದ ನನಗೇ ಅಂದೀರಿ. ನಾಳಿಗಿ ನನಗಲ್ಲ ಆಕಿಗೆ ಅಂತ ಬರದ್ರ ನಿಮ್ಮ ಮಾತು ಸುಳ್ಳು ಆಗ್ತದ. ಅದೇ ವಿಭಾಗಕ್ಕ ಹೋಗೂದಲ್ರಿ ಆ ಕಾಗದ, ಅದೇ ಸರ್ ಓದ್ತಾರ." ಖಾಲಿ ಚೀಲ ಮಡಚಿ ಮಡಿಲಲ್ಲಿಟ್ಟುಕೊಂಡು, "ಇರ್ಲಿ ಬಿಡ್ರಿ" ಎಂದರು. ಆ ಮಾತಿನಲ್ಲಿ ಕ್ಷಮೆ ಇತ್ತೆಂದು ಎಷ್ಟೋ ವರ್ಷ ನನ್ನನ್ನು ನಾನೇ ನಂಬಿಸಿಕೊಂಡೆ. ಇರಲಿಲ್ಲ. ಇನ್ನು ನಿಮ್ಮ ಹತ್ತಿರ ಮಾತಿಲ್ಲ ಎಂಬುದನ್ನು ನಮ್ಮ ಕಡೆ ಮರ್ಯಾದೆಯಿಂದ ಹೇಳುವ ರೀತಿ ಅದು.

ಆ ವರ್ಷ ಅವರು ಅರ್ಜಿ ಹಾಕಲಿಲ್ಲ. ಮುಂದಿನ ವರ್ಷವೂ ಇಲ್ಲ. ನನಗೆ ಆ ಡಿಗ್ರಿಯ ಬಲದಿಂದಲೇ ಸುರಪುರದಲ್ಲಿ ಕಾಯಂ ನೌಕರಿ ಸಿಕ್ಕಿತು. ಅಂಗಡಿಗೆ ಹೋಗುವುದು ಬಿಟ್ಟೆ. ಶಹಾಪುರದ ಮೇಲೆ ಬಸ್ಸು ಹಾದು ಹೋಗುವಾಗ ಆ ಮೊದಲ ಮಹಡಿಯ ಕಡೆ ನೋಡದಿರಲು ಇನ್ನೊಂದು ಬದಿಯ ಸೀಟು ಹುಡುಕುತ್ತಿದ್ದೆ. ಒಂದು ದಿನ ಸೀಟು ಸಿಗದೆ ನಿಂತೇ ಇದ್ದಾಗ ಕಣ್ಣು ಹೋಯಿತು. ಬೋರ್ಡು ಇರಲಿಲ್ಲ, ಅದೇ ಜಾಗದಲ್ಲಿ ಮೊಬೈಲ್ ಅಂಗಡಿ. ಇಳಿದು ಹೋಗಿ ಕೇಳಿದೆ. "ಆ ಅಕ್ಕ ತೀರ್ಕೊಂಡ್ರಲ್ರಿ, ನಿಮಗ ಗೊತ್ತಿಲ್ಲೇನು?" ಎಂದರು ಅಲ್ಲಿಯವರು. ಜ್ವರ ಬಂದಿತ್ತಂತೆ. ನಾಲ್ಕೇ ದಿನವಂತೆ. ಅದಾಗಿ ಆಗಲೇ ಒಂದು ಮಳೆಗಾಲ ಕಳೆದಿತ್ತು... ನನಗೆ ಹೇಳಬೇಕೆಂದು ಯಾರಿಗೆ ತಾನೆ ಹೊಳೆಯಬೇಕು?

ಅಲ್ಲಿಂದ ಈ ಅಭಿನಂದನ ಗ್ರಂಥದವರೆಗೂ ನಾನು ಸುಮ್ಮನಿದ್ದೆ. ಆ ಪುಸ್ತಕದಲ್ಲಿ "ಗುರುಗಳ ಒಳಗಣ್ಣು" ಎಂದು ಒಬ್ಬರು ಬರೆದಿದ್ದಾರೆ. "ಸೊನ್ನೆಯನ್ನು ಪ್ರಶ್ನಿಸಿದ ಧೀರ" ಎಂದು ಇನ್ನೊಬ್ಬರು. ಅವತ್ತೇ ಮಧ್ಯಾಹ್ನ ಗೈಡ್ ಸರ್‌ಗೆ ಫೋನ್ ಮಾಡಿದೆ. ಪುಸ್ತಕ ತಲುಪಿತೆಂದು ಹೇಳಲು ಮಾಡಿದ್ದೇನೆಂದುಕೊಂಡು ಅವರು ಖುಷಿಪಟ್ಟರು.

"ಮುಖಪುಟದ ಚಿತ್ರ ನಿಮ್ಮದಲ್ಲ ಸರ್. ನನ್ನದೂ ಅಲ್ಲ."

"ಹಳೇ ಮಾತು ಯಾಕ ತೆಗೀತೀರಿ? ಆಕಿ ಟೈಪ್ ಮಾಡಿದ್ದಕ್ಕ ನೀವು ಕೊಡೂದು ಕೊಟ್ಟೀರಿ, ಮುಗೀತು."

"ನಮ್ಮ ಪೇಪರ್ ಅಚ್ಚಾದ ಪತ್ರಿಕೆಗೆ ಬರೀತೀನಿ ಸರ್. ವೈವಾದಾಗ ಸುಳ್ಳು ಹೇಳೀನಿ ಅಂತ ವಿಶ್ವವಿದ್ಯಾಲಯಕ್ಕೂ ಬರೀತೀನಿ."

"ಡಿಗ್ರಿ ಹೋಗ್ತದ ನಿಮ್ಮದು. ನೌಕರಿನೂ ಹೋಗ್ತದ. ಸತ್ತಾಕಿಗೇನು ಬರ್ತದ ಅದರಿಂದ?"

ಇದೇ ಮಾತನ್ನು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅವರ ಬಾಯಿಂದ ಕೇಳಿದಾಗ ಅದು ಎಷ್ಟು ಹೊಲಸಾಗಿದೆ ಎಂದು ಗೊತ್ತಾಯಿತು. ಫೋನ್ ಇಟ್ಟೆ.

ಬರೆಯುವ ಮೊದಲು ಒಬ್ಬರನ್ನು ಕೇಳಬೇಕಿತ್ತು. ಶಹಾಪುರದಲ್ಲಿ ವಿಚಾರಿಸಿಕೊಂಡು ಅಕ್ಕನ ಗಂಡನನ್ನು ಹುಡುಕಿ ಹೋದೆ. ಕಾಲುವೆಯ ಗೇಟಿನ ಹತ್ತಿರ ಸಿಕ್ಕರು. ಗ್ರೀಸು ಹತ್ತಿದ ಕೈಗಳನ್ನು ಒರೆಸಿಕೊಳ್ಳುತ್ತ ಬಂದು ಗೇಟಿನ ಕಟ್ಟೆಯ ಮೇಲೆ ನನಗೆ ಜಾಗ ಮಾಡಿಕೊಟ್ಟರು. ನಾನು ಯಾರೆಂದು ಹೇಳಿ, ಮೊದಲಿಂದ ಕೊನೆಯವರೆಗೆ ಹೇಳಿದೆ. ಬಸ್ಸಿನ ಮಾತನ್ನೂ ಬಿಡಲಿಲ್ಲ. ಬೈಯುತ್ತಾರೆಂದು ಕಾದೆ.

"ಅಂದ್ರ ಅಕಿ ಹೇಳಿದ್ದು ಖರೇನಾ?" ಎಂದರು.

"ಏನು ಹೇಳಿದ್ರು?"

"ಒಂದಿನ ರೊಟ್ಟಿ ಬಡಿಯಾಕತ್ತಿದ್ಳು. ಇಡೀ ಜಗತ್ತಿನ ಲೆಕ್ಕದಾಗ ದೊಡ್ಡವ್ರು ಒಂದು ತಪ್ಪು ಮಾಡ್ಯಾರ, ನಾ ಹಿಡದೀನಿ ಅಂದ್ಳು. ನಾ ನಕ್ಕೆ. ದಿನಾ ಅರ್ಜಿ ಬರದು ಬರದು ನಿಂಗೂ ಸುಳ್ಳು ಹೇಳೂದು ಬಂತು ಅಂದೆ. ಆಮ್ಯಾಲ ಅಕಿ ಆ ಮಾತು ಎತ್ತಲೇ ಇಲ್ಲ." ಕಾಲುವೆಯ ಕಡೆ ಮುಖ ತಿರುಗಿಸಿದರು. ಕೈಗೆ ಹತ್ತಿದ ಗ್ರೀಸನ್ನು ಮತ್ತೆ ಒರೆಸುತ್ತ, "ನಾ ನಕ್ಕಿದ್ದೆ ನೋಡ್ರಿ" ಎಂದು ಇನ್ನೊಮ್ಮೆ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹೆಸರು ಹಾಕಿಸ್ರಿ" ಎಂದರು ಎದ್ದು ನಿಂತು. "ತವರಮನಿ ಹೆಸರೂ ಹಚ್ಚಿ ಹಾಕಿಸ್ರಿ. ಅವರಪ್ಪಗ ಓದಿಸೂ ಆಸೆ ಭಾಳ ಇತ್ತು."

ಪತ್ರಿಕೆಗೆ ಬರೆದೆ. ಅದರ ಸಂಪಾದಕರು ನನ್ನ ಪತ್ರವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿ, ವಿಚಾರಣೆ ಮುಗಿದ ಮೇಲೆ ತಿದ್ದುಪಡಿಯ ಬಗ್ಗೆ ನೋಡೋಣ ಎಂದಿದ್ದಾರೆ. ವಿಶ್ವವಿದ್ಯಾಲಯಕ್ಕೂ ನಾನೇ ಬರೆದೆ. ಹೋದ ವಾರ ಅಲ್ಲಿಂದ ನೋಟಿಸು ಬಂತು. ಯಾರಿಗೆ? ನನಗೆ. ಒಬ್ಬಳಿಗೇ. ಕೆಂಪು ಗೀಟು ಎಳೆದವರಿಗೆ ಇಲ್ಲ, ಹೆಸರು ಮೊದಲು ಹಾಕಿಸಿಕೊಂಡವರಿಗೆ ಇಲ್ಲ. ಅವರ ಅಭಿನಂದನ ಸಮಾರಂಭ ಆಗಲೇ ಮುಗಿದಿದೆ. ನಾನು ಸುಳ್ಳು ಹೇಳಿದವಳು, ನೋಟಿಸು ಬರುವುದು ಸರಿಯೇ. ಆದರೆ ಇಷ್ಟು ವರ್ಷ ಯಾವ ಸುಳ್ಳಿಗೂ ಕಣ್ಣು ಬಿಡದ ಆ ಕಚೇರಿ, ನಿಜ ಹೇಳಿದ ದಿನವೇ ಎಚ್ಚರಾಗುತ್ತದಲ್ಲ, ಅದಕ್ಕೆ ಏನು ಹೇಳಲಿ? ಸಹೋದ್ಯೋಗಿಗಳು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. "ಟೈಪ್ ಮಾಡುವಾಕಿ ಸಲುವಾಗಿ ಇಷ್ಟೆಲ್ಲ ಬೇಕಿತ್ತೇನ್ರಿ?" ಎಂದು ಒಬ್ಬರು ಮರುಕದಿಂದಲೇ ಕೇಳಿದರು. ಆ ಮರುಕ ನನಗೆ ಬೇಡ.

ನೋಟಿಸಿನ ಕೊನೆಯ ಸಾಲು ಹೀಗಿದೆ: "ಸದರಿ ಮಹಿಳೆಗೆ ಈ ಮಟ್ಟದ ಗಣಿತದ ಅರ್ಹತೆ ಇತ್ತೆಂಬುದಕ್ಕೆ ಆಕೆಯ ಸ್ನಾತಕೋತ್ತರ ಪದವಿಯ ಪ್ರಮಾಣಪತ್ರವನ್ನು ಲಗತ್ತಿಸುವುದು."

ಇವತ್ತು ಬೆಳಿಗ್ಗೆ ಉತ್ತರ ಬರೆದು ಅಂಚೆಗೆ ಹಾಕಿ ಬಂದೆ. ಪ್ರಮಾಣಪತ್ರ ಇಲ್ಲ ಎಂದು ಬರೆದಿದ್ದೇನೆ. ಅದಕ್ಕೆ ಬೇಕಾಗಿದ್ದ ನಾಲ್ಕು ಸಾಲಿನ ಪತ್ರವನ್ನು ಅವರು ನನ್ನ ಹತ್ತಿರ ಕೇಳಿದ್ದರು, ನಾನು ಬರೆದು ಕೊಡಲಿಲ್ಲ ಎಂದೂ ಬರೆದಿದ್ದೇನೆ.